ಬಚ್ಚಲುಮನೆಗೆ ಟೈಲ್ಸ್ ತರ ಕಾಣೋ ಶೀಟ್ ಹಾಕಿದ್ದು, ಅದಕ್ಕಿಂತ ಮುಂಚೆ ಗೋಡೆ ಒಣಗಿಸಿದ್ದು

ನಮ್ಮೂರು ತೀರ್ಥಹಳ್ಳಿ ಹತ್ರ. ಮನೆ ಕಟ್ಟಿದ್ದು 1994ರಲ್ಲಿ, ಜಂಬಿಟ್ಟಿಗೆ ಗೋಡೆ, ಹಂಚಿನ ಮಾಡು, ಇಡೀ ಮನೇಗೆ ಇರೋದು ಒಂದೇ ಬಚ್ಚಲುಮನೆ. 7 ಅಡಿ ಉದ್ದ 5 ಅಡಿ ಅಗಲ. ಒಂದು ಮೂಲೇಲಿ ತಾಮ್ರದ ಹಂಡೆ, ಒಲೆ ಬಾಯಿ ಹಿತ್ತಲ ಕಡೆ. ಗೋಡೆಗೆ 4 ಅಡಿವರೆಗೆ ಆಗಿನ ಕಾಲದ ಬಿಳಿ ಟೈಲ್ಸ್, ಅದರ ಮೇಲೆ ಬರೀ ಗಿಲಾವು, ಪೇಂಟು. ಮಲ್ನಾಡಲ್ಲಿ ಇರೋರಿಗೆ ಗೊತ್ತಿರುತ್ತೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಚ್ಚಲು ಒಣಗೋದು ಅಂತ ಇಲ್ವೇ ಇಲ್ಲ, ಟೈಲ್ಸ್ ಸಂದಿ ಎಲ್ಲ ಕಪ್ಪಾಗಿಬಿಡುತ್ತೆ, ಅಮ್ಮ ಹಳೇ ಹಲ್ಲುಜ್ಜೋ ಬ್ರಶ್ ತಗಂಡು ನೆಲದ ಮೇಲೆ ಮಂಡಿ ಊರ್ಕಂಡು ಒಂದೊಂದೇ ಗೆರೆ ಉಜ್ಜೋರು. ಅಮ್ಮಂಗೆ ಈಗ 68, ಮಂಡಿ ನೋವು. ಹೋದ ವರ್ಷ ದೀಪಾವಳಿಗೆ ಊರಿಗೆ ಹೋದಾಗ ಅವ್ರು ಹಂಗೆ ಕೂತು ಉಜ್ಜಿ, ಎದ್ದೇಳಕ್ಕೆ ನಲ್ಲಿ ಹಿಡ್ಕಂಡಿದ್ದು ನೋಡಿ ಇನ್ನು ಸಾಕು ಅನ್ನಿಸ್ತು. ಸಂದೀನೇ ಇಲ್ದಿರೋ ಗೋಡೆ ಮಾಡಿಸ್ಬೇಕು ಅಂತ ಅವತ್ತೇ ತೀರ್ಮಾನ ಮಾಡ್ದೆ.

ಹಳೇ ಟೈಲ್ಸ್ ಒಡ್ಸಿ ಹೊಸದು ಹಾಕಿದ್ರೂ ಸಂದಿ ಇದ್ದೇ ಇರುತ್ತೆ, ನಾಲ್ಕು ಮಳೆಗಾಲ ಕಳೆದ್ರೆ ಅದೇ ಕಪ್ಪು. ಹಂಗಾಗಿ ಬೆಂಗ್ಳೂರಲ್ಲಿ ಫ್ರೆಂಡ್ ಒಬ್ರ ಬಾಡಿಗೆ ಮನೇಲಿ ನೋಡಿದ್ದ ಪಿವಿಸಿ ಶೀಟ್ (ಒಂಥರಾ ಗಟ್ಟಿ ಪ್ಲಾಸ್ಟಿಕ್ ಹಾಳೆ) ನೆನಪಾಯ್ತು. 8 ಅಡಿ 4 ಅಡಿ ಸೈಜು, 3 ಮಿಲಿಮೀಟರ್ ದಪ್ಪ, ಮೇಲೆ ಟೈಲ್ಸ್ ಜೋಡ್ಸಿದಂಗೇ ಡಿಸೈನು, ಗೆರೆ ಕೂಡ ಸ್ವಲ್ಪ ತಗ್ಗಾಗಿ ಇರುತ್ತೆ, ಆದ್ರೆ ಅದು ಸಂದಿ ಅಲ್ಲ, ಒಂದೇ ಶೀಟು, ಬಟ್ಟೇಲಿ ಒರ್ಸಿದ್ರೆ ಆಯ್ತು. ಅಂಗ್ಡೀಲಿ ಇದನ್ನ ಯುವಿ ಶೀಟ್ ಅಂತಾರೆ. ಬಿಸಿಲಿಗೆ ಏನೂ ಆಗಲ್ಲ ಅಂತ ಸುಮಾರು ಜನ ತಿಳ್ಕಂಡಿದಾರೆ, ಹಂಗಲ್ಲ, ಮೇಲಿನ ಹೊಳಪಿನ ಕೋಟಿಂಗನ್ನ ಫ್ಯಾಕ್ಟರೀಲಿ ಯುವಿ ಲೈಟಲ್ಲಿ ಗಟ್ಟಿ ಮಾಡಿರ್ತಾರೆ, ಅದಕ್ಕೆ ಆ ಹೆಸರು. ಒಳಗಡೆ ಇರೋದು ಪಿವಿಸಿ, ಜೊತೆಗೆ ಸುಣ್ಣಕಲ್ಲಿನ ಪುಡಿ. ನೀರು ಇದರೊಳಗೆ ಇಳಿಯಲ್ಲ ಅನ್ನೋದಂತೂ ನಿಜ.

ಶಿವಮೊಗ್ಗದಲ್ಲಿ ಒಂದು ಅಂಗ್ಡೀಲಿ ವಿಚಾರಿಸ್ದೆ. ಗೋಡೆ ಸ್ವಲ್ಪ ತಂಡಿ, ಅಂದ್ರೆ ತೇವ ಇದೆ ಅಂದಿದ್ದಕ್ಕೆ ಅವ್ರು "ಏನೂ ಆಗಲ್ಲ ಸಾರ್, ಒದ್ದೆ ಗೋಡೆ ಮೇಲೇ ಅಂಟಿಸ್ಬೋದು, ತಂಡಿ ಮುಚ್ಚಕ್ಕೇ ತಾನೆ ಇದು ಇರೋದು" ಅಂದ್ರು. ಆ ಒಂದು ಮಾತು ನಂಬಿದ್ದಿದ್ರೆ ಇವತ್ತು ನಮ್ಮನೆ ಗೋಡೆ ಒಳಗೊಳಗೇ ಕೊಳೀತಿತ್ತು. ಇಷ್ಟುದ್ದ ಬರೀತಿರೋದೇ ಅದಕ್ಕೆ, ಶೀಟ್ ಅಂಟ್ಸೋದು ಎರಡು ದಿನದ ಕೆಲ್ಸ, ಅದಕ್ಕೆ ಗೋಡೆ ರೆಡಿ ಮಾಡಕ್ಕೆ ನಮಗೆ ಎರಡು ತಿಂಗ್ಳು ಹಿಡೀತು.

ಬಚ್ಚಲಿನ ಉದ್ದದ ಗೋಡೆ ಆ ಕಡೆ ಬೀರು ಇರೋ ಕೋಣೆ. ಮಳೆಗಾಲದಲ್ಲಿ ಆ ಕಡೆ ಗೋಡೆ ಮೇಲೆ ನೆಲದಿಂದ 3 ಅಡಿವರೆಗೆ ತಂಡಿ ಏರಿ ಸುಣ್ಣ ಉಬ್ಬಿ ಉಪ್ಪು ಉದುರ್ತಿತ್ತು, ಬೀರುವಿನಲ್ಲಿದ್ದ ಅಮ್ಮನ ಎರಡು ರೇಷ್ಮೆ ಸೀರೆಗೆ ಬೂಷ್ಟು ಬಂದಿತ್ತು. ಎಲ್ರೂ ಮಳೆ ತಂಡಿ ಅಂತ್ಲೇ ಅಂದ್ಕಂಡಿದ್ವಿ. ಆದ್ರೆ ಸಂಕ್ರಾಂತಿಗೆ ಹೋದಾಗ್ಲೂ ಹಂಗೇ ಇತ್ತು. ಮಳೆ ನಿಂತು ಎರಡು ತಿಂಗ್ಳಾಗಿದೆ, ಉಳಿದ ಗೋಡೆ ಎಲ್ಲ ಒಣಗಿದೆ, ಇದೊಂದು ಮಾತ್ರ ಕೈ ಇಟ್ರೆ ತಣ್ಣಗೆ. ಅಂದ್ರೆ ನೀರು ಆಕಾಶದಿಂದ ಬರ್ತಿಲ್ಲ, ನಮ್ಮ ಬಚ್ಚಲಿಂದಾನೇ ಬರ್ತಿದೆ.

ರಾತ್ರಿ ಎಲ್ರೂ ಮಲಗೋ ಮುಂಚೆ ಮೋಟ್ರು ಆಫ್ ಮಾಡಿ, ಎಲ್ಲ ನಲ್ಲಿ ಬಿಗಿ ಮಾಡಿ, ಮೇಲಿನ ಟ್ಯಾಂಕಿನ ಒಳಗೆ ನೀರಿನ ಮಟ್ಟಕ್ಕೆ ಸರ್ಯಾಗಿ ಸೀಸದಕಡ್ಡೀಲಿ ಗೆರೆ ಎಳೆದೆ. ಬೆಳಿಗ್ಗೆ 6 ಗಂಟೆಗೆ ಟಾರ್ಚ್ ಹಾಕಿ ನೋಡಿದ್ರೆ ನೀರು ಗೆರೆಯಿಂದ ಒಂದು ಬೆರಳು ಕೆಳಗೆ. ಒಂದು ಬೆರಳು ಅಂದ್ರೆ ಕಮ್ಮಿ ಅನ್ಸುತ್ತೆ, ಆದ್ರೆ ಸಾವಿರ ಲೀಟರ್ ಟ್ಯಾಂಕಲ್ಲಿ ಅದು ಒಂದು ಬಕೆಟ್ ಹತ್ರ ಹತ್ರ. ದಿನಾ ರಾತ್ರಿ ಒಂದು ಬಕೆಟ್ ನೀರು ಗೋಡೆ ಕುಡೀತಿತ್ತು, ಎಷ್ಟು ವರ್ಷದಿಂದ ಕುಡೀತಿತ್ತೋ.

ಪ್ಲಂಬರ್ ಬಂದು ಪ್ರೆಶರ್ ಪಂಪ್ ಕೂರ್ಸಿ ಬಚ್ಚಲಿನ ಲೈನಿಗೆ ಪ್ರೆಶರ್ ಕೊಟ್ಟು ಬಿಟ್ರು, ಹತ್ತು ನಿಮಿಷದಲ್ಲಿ ಪ್ರೆಶರ್ ಮೀಟರಿನ ಮುಳ್ಳು ಕೆಳಗಿಳೀತು. ಗೋಡೆ ಒಳಗೆ ಹೂತಿರೋ ಜಿಐ (ಸತು ಲೇಪನದ ಕಬ್ಬಿಣ) ಪೈಪು, 30 ವರ್ಷದ್ದು. ನಲ್ಲಿ ಹಿಂದಿನ ಟೈಲ್ಸ್ ಒಡೆದಾಗ ಎಲ್ಬೋ ಇದ್ದ ಜಾಗ ಕೈಯಲ್ಲಿ ಮುಟ್ಟಿದ್ರೆ ಪುಡಿ ಆಗಂಗೆ ತುಕ್ಕು ಹಿಡಿದಿತ್ತು, ಅದರ ಹೊಟ್ಟೇಲಿ ಅಕ್ಕಿಕಾಳಿನಷ್ಟು ತೂತು. ಅಲ್ಲಿಂದ ನೀರು ಚಿಮ್ಮೋದೂ ಇಲ್ಲ, ಬೆವರಂಗೆ ಇಳೀತಿತ್ತು ಅಷ್ಟೆ. ಆ ಒಂದು ಎಲ್ಬೋ ಬದ್ಲಾಯ್ಸಿ ಬಿಡೋಣ ಅಂದ್ರು ಅಪ್ಪಯ್ಯ. ನಂಗೆ ಒಪ್ಗೆ ಆಗ್ಲಿಲ್ಲ, ಒಂದು ಹೋಗಿದೆ ಅಂದ್ರೆ ಉಳಿದದ್ದೂ ಅದೇ ವಯಸ್ಸಿಂದು ಅಲ್ವಾ, ಶೀಟ್ ಹಾಕಿದ್ಮೇಲೆ ಮತ್ತೆ ಒಡೆಯೋದು ಆಗಲ್ಲ. ಹಳೇ ಲೈನನ್ನ ಪೂರ್ತಿ ಕಟ್ ಮಾಡಿ ಬಾಯಿಗೆ ಡಮ್ಮಿ (ಮುಚ್ಚಳ) ಹಾಕ್ಸಿ, ಹೊಸದಾಗಿ ಬಿಸಿನೀರು ತಡೆಯೋ ಸಿಪಿವಿಸಿ ಪ್ಲಾಸ್ಟಿಕ್ ಪೈಪು ಎಳೆಸಿದ್ವಿ. ಮಾರನೇ ದಿನ ಮತ್ತೆ ಪ್ರೆಶರ್ ಕೊಟ್ಟು ಒಂದು ಗಂಟೆ ಬಿಟ್ವಿ, ಮುಳ್ಳು ಅಲ್ಲಾಡ್ಲಿಲ್ಲ. ಮೋರಿಗೆ ಹಳೇ ಬಟ್ಟೆ ತುರುಕಿ ನೆಲದ ಮೇಲೆ 2 ಇಂಚು ನೀರು ನಿಲ್ಸಿ ಒಂದು ದಿನ ಬಿಟ್ಟು ಅದನ್ನೂ ನೋಡಿದ್ವಿ, ನೆಲ ಸರಿ ಇತ್ತು, ಮೋರಿ ಜಾಯಿಂಟೂ ಸರಿ ಇತ್ತು. ಟ್ಯಾಂಕಿಗೆ ಗೆರೆ ಎಳೆಯೋದು, ನೆಲದ ಮೇಲೆ ನೀರು ನಿಲ್ಸೋದು, ಈ ಎರಡು ಪರೀಕ್ಷೆಗೆ ಖರ್ಚೇನೂ ಇಲ್ಲ, ಇದನ್ನ ಮಾಡ್ದೆ ಯಾರೂ ಗೋಡೆ ಮುಚ್ಬೇಡಿ.

ಇನ್ನು ಒಣಗ್ಸೋದು. ಆ ಗೋಡೇಲಿ ಟೈಲ್ಸ್ ತಟ್ಟಿ ನೋಡಿದ್ರೆ ಅರ್ಧಕ್ಕರ್ಧ ಪೊಳ್ಳು ಸದ್ದು. ಎಲ್ಲ ತೆಗ್ಸಿ, ಗಿಲಾವು ಕೆತ್ತಿ ಜಂಬಿಟ್ಟಿಗೆ ಕಾಣೋವರೆಗೆ ಬಿಡಿಸ್ದೆವು. ಜಂಬಿಟ್ಟಿಗೆ ನೋಡಿದೋರಿಗೆ ಗೊತ್ತು, ಅದು ತೂತು ತೂತು ಕಲ್ಲು, ನೀರು ಹಿಡ್ಕಂಡ್ರೆ ಬಿಡಲ್ಲ. ಒಣಗಿದ್ದು ಇಟ್ಟಿಗೆ ಕೆಂಪು, ಇದು ಕಾಫಿ ಡಿಕಾಕ್ಷನ್ ಬಣ್ಣ ಆಗಿತ್ತು. ಬೀರು ಕೋಣೆ ಕಡೆನೂ ಸುಣ್ಣ ಕೆರೆದು ಬಿಟ್ವಿ, ಎರಡೂ ಕಡೆ ಗಾಳಿ ಆಡ್ಲಿ ಅಂತ. ಒಂದು ಟೇಬಲ್ ಫ್ಯಾನ್ ಹಗಲೆಲ್ಲ ಓಡ್ತಿತ್ತು.

ಒಣಗಿದೆಯಾ ಇಲ್ವಾ ಅಂತ ಕೈ ಇಟ್ಟು ಹೇಳೋದು ಕಷ್ಟ, ಮೇಲ್ಮೈ ಬೇಗ ಒಣಗುತ್ತೆ ಒಳಗೆ ಹಸಿ ಇರುತ್ತೆ. ಅದಕ್ಕೆ ಒಂದು ಅಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನ ನಾಲ್ಕೂ ಕಡೆ ಟೇಪ್ ಹಾಕಿ ಗೋಡೆಗೆ ಅಂಟ್ಸಿ ಒಂದು ದಿನ ಬಿಡೋದು, ಗೋಡೆ ಕಡೆ ಮೈಗೆ ಹನಿ ಕಟ್ಟಿದ್ರೆ ತಂಡಿ ಒಳಗಿಂದ ಇನ್ನೂ ಬರ್ತಿದೆ ಅಂತ ಅರ್ಥ. ಕಲ್ಲಿಗೆ ಟೇಪ್ ಸರ್ಯಾಗಿ ಹಿಡೀಲಿಲ್ಲ, ಅಂಚಿಗೆ ಒಂದು ಸುತ್ತು ಪುಟ್ಟಿ ಬಳ್ದು ಅದ್ರ ಮೇಲೆ ಟೇಪ್ ಹಾಕ್ದೆ. ಎರಡು ವಾರ ಆದ್ಮೇಲೆ ಹಾಕಿದ್ದಕ್ಕೆ ಬೆಳಿಗ್ಗೆ ಹೊತ್ತಿಗೆ ಹನಿ ಜೋಡ್ಕಂಡು ಕೆಳಗೆ ಇಳೀತಿತ್ತು. ನಾಲ್ಕನೇ ವಾರ ಬರೀ ಮಂಜು ಕಟ್ಟಿದಂಗೆ. ಐದನೇ ವಾರ ಕೊನೆಗೆ ಪ್ಲಾಸ್ಟಿಕ್ ಒಣಗಿದ್ದು ಒಣಗಿದಂಗೇ ಇತ್ತು, ಅಮ್ಮ ಬೆಂಗ್ಳೂರಿಗೆ ಫೋನ್ ಮಾಡಿ "ಇವತ್ತು ಎಂತದೂ ಇಲ್ಲ, ಕನ್ನಡಿ ತರ ಇದೆ" ಅಂದ್ರು. ಆ ಐದು ವಾರ ನಾನು ಬೆಂಗ್ಳೂರಲ್ಲಿ, ವಾರಕ್ಕೊಂದ್ಸಲ ಪ್ಲಾಸ್ಟಿಕ್ ಅಂಟ್ಸಿ ಮಾರನೇ ದಿನ ನೋಡಿ ಹೇಳೋದು ಅಮ್ಮನ ಕೆಲ್ಸ ಆಗಿತ್ತು.

ಅಷ್ಟು ದಿನ ಸ್ನಾನ ಎಲ್ಲಿ ಅಂದ್ರೆ, ಹಿತ್ತಲಲ್ಲಿ ಬಟ್ಟೆ ಒಗೆಯೋ ಕಲ್ಲಿನ ಸುತ್ತ ಅಪ್ಪಯ್ಯ ನಾಲ್ಕು ಅಡಿಕೆ ಮರದ ಕಂಬ ನೆಟ್ಟು ಸೋಗೆ ಕಟ್ಟಿಬಿಟ್ರು. ಹಂಡೆ ಇದ್ದಲ್ಲೇ ಇತ್ತು, ಬಿಸಿನೀರು ಬಕೆಟಲ್ಲಿ ಹೊತ್ಕಂಡು ಹೋಗೋದು. ಬೆಳಗಿನ ಚಳೀಲಿ ಕಷ್ಟ ಆಗಿರ್ಬೇಕು, ಆದ್ರೂ ಇಬ್ರೂ ಒಂದಿನ ಬೇಗ ಮುಗ್ಸು ಅನ್ಲಿಲ್ಲ.

ಆಮೇಲೆ ಮೇಸ್ತ್ರಿ ಬಂದು ಕೆತ್ತಿದ ಗೋಡೆಗೆ ಹೊಸ ಗಿಲಾವು ಮಾಡಿದ್ರು. ಇನ್ನೊಂದು ಸಮಸ್ಯೆ ಉಳಿದ ಗೋಡೇದು. ಅಲ್ಲಿ ಟೈಲ್ಸ್ ಗಟ್ಟಿ ಇತ್ತು, ಒಡೆಯೋ ಅಗತ್ಯ ಇರ್ಲಿಲ್ಲ, ಆದ್ರೆ 4 ಅಡಿವರೆಗೆ ಟೈಲ್ಸ್ ಇರೋದ್ರಿಂದ ಅದು ಮೇಲಿನ ಗೋಡೆಗಿಂತ 12 ಮಿಲಿಮೀಟರ್ ಮುಂದೆ ಬಂದಿತ್ತು. 8 ಅಡಿ ಶೀಟ್ ಕೆಳಗಿಂದ ಮೇಲಿನವರೆಗೆ ಒಂದೇ ಮಟ್ಟದಲ್ಲಿ ಕೂರ್ಬೇಕಲ್ಲ, ಹಂಗೇ ಅಂಟ್ಸಿದ್ರೆ ಮೇಲರ್ಧ ಪೂರ್ತಿ ಪೊಳ್ಳು, ಯಾರಾದ್ರೂ ಕೈ ಊರಿದ್ರೆ ಬಿರುಕು ಬಿಡುತ್ತೆ. ಮೇಸ್ತ್ರಿ ಮೇಲಿನ ಭಾಗದ ಪೇಂಟ್ ಪೂರ್ತಿ ಕೆರೆದು, ಕಚ್ಚು ಹಾಕಿ, ಟೈಲ್ಸ್ ಮಟ್ಟಕ್ಕೆ ಗಿಲಾವು ತುಂಬಿ ಮಟ್ಟಗೋಲು ಎಳೆದ್ರು. "ಗೌಡ್ರೆ, ಗೋಡೆ ಸೊಟ್ಟ ಇದ್ರೆ ಟೈಲ್ಸಿಗಾದ್ರೆ ಗಾರೆ ಹೆಚ್ಚುಕಮ್ಮಿ ಹಾಕಿ ಸುಧಾರಿಸ್ಬೋದು, ಇದು ಹಾಳೆ, ಗೋಡೆ ಹೆಂಗಿದೆಯೋ ಹಂಗೇ ಕಾಣುತ್ತೆ" ಅಂತ ಅಪ್ಪಯ್ಯಂಗೆ ಹೇಳ್ತಿದ್ರು. ನೂರಕ್ಕೆ ನೂರು ನಿಜ. ಅವ್ರು ತೂಗುಗುಂಡು ಬಿಟ್ಟು ಮೂರು ಮೂರು ಸಲ ನೋಡಿದ್ದಕ್ಕೇ ಆಮೇಲೆ ನಮ್ಮ ಕೆಲ್ಸ ಸುಲಭ ಆಯ್ತು.

ಗಿಲಾವಿಗೆ ಒಂದು ವಾರ ನೀರು ಹಾಕಿ ಕ್ಯೂರಿಂಗ್, ಆಮೇಲೆ ಮತ್ತೆ ಎರಡು ವಾರ ಒಣಗಕ್ಕೆ ಬಿಟ್ವಿ. ಕೊನೆಗೆ ನೆಲ ಗೋಡೆ ಸೇರೋ ಮೂಲೆ ಸುತ್ತ ಒಂದೂವರೆ ಅಡಿ ಎತ್ತರಕ್ಕೆ, ನಲ್ಲಿ ಇರೋ ಜಾಗದ ಸುತ್ತ, ಪೌಡರ್ ಲಿಕ್ವಿಡ್ ಎರಡು ಕಲ್ಸೋ ವಾಟರ್‌ಪ್ರೂಫಿಂಗ್ ಕೋಟು ಎರಡು ಸಲ ಹೊಡೆದ್ವಿ, ಮೊದಲನೇದು ಅಡ್ಡ ಎರಡನೇದು ಉದ್ದ. ಶೀಟ್ ನೀರು ತಡೆಯುತ್ತೆ ಸರಿ, ಆದ್ರೆ ಶೀಟಿನ ಜಾಯಿಂಟು ಸಿಲಿಕೋನ್ ಮೇಲೆ ನಿಂತಿರುತ್ತೆ, ಸಿಲಿಕೋನ್ ಎಂದಾದ್ರೂ ಒಂದಿನ ಬಿಡುತ್ತೆ. ಹಿಂದೆ ಇನ್ನೊಂದು ಕಾವಲು ಇರ್ಲಿ.

ಹಂಡೆ ವಿಷ್ಯಕ್ಕೆ ಬರ್ತೀನಿ, ಇದನ್ನ ಮಲ್ನಾಡಿನೋರು ಗಮನ ಇಟ್ಟು ಓದಿ.

ನಾನು ಮೊದ್ಲು ನಾಲ್ಕೂ ಗೋಡೆಗೆ ಶೀಟ್ ಹಾಕೋದು ಅಂತಿದ್ದೆ. ಅಂಗ್ಡೀಲಿ ಬಿಸಿನೀರು ತಡೆಯುತ್ತೆ ಅಂದಿದ್ರು, ಅದು ಸುಳ್ಳೂ ಅಲ್ಲ, ಸ್ನಾನದ ನೀರು 40-45 ಡಿಗ್ರಿ, ಅದಕ್ಕೇನೂ ಆಗಲ್ಲ. ಆದ್ರೆ ಹಂಡೆ ಒಲೆ ಬೇರೆ. ಪಿವಿಸಿ 75-80 ಡಿಗ್ರಿ ಹೊತ್ತಿಗೆ ಮೆತ್ತಗಾಗುತ್ತೆ. ಅಪ್ಪಯ್ಯ ಬೆಳಿಗ್ಗೆ ಬೆಂಕಿ ಹಾಕಿದ್ರೆ ಹಂಡೆ ನೀರು ಕುದಿಯೋ ತನಕ ಬಿಡೋರಲ್ಲ. ಅನುಮಾನಕ್ಕೆ ಸ್ಯಾಂಪಲ್ ಅಂತ ಕೊಟ್ಟಿದ್ದ ಅಂಗೈ ಅಗಲದ ತುಂಡನ್ನ ಹಂಡೆ ಪಕ್ಕ ಒಲೆಕಟ್ಟೆ ಮೇಲೆ ಗೋಡೆಗೆ ಒರಗಿಸಿಟ್ಟು ಒಂದು ಬೆಳಿಗ್ಗೆ ಬಿಟ್ಟೆ. ಎಲ್ರ ಸ್ನಾನ ಆಗೋ ಹೊತ್ತಿಗೆ ನೋಡಿದ್ರೆ ಆ ತುಂಡು ಬಿಸ್ಲಿಗೆ ಹಾಕಿದ ಹಪ್ಪಳದ ತರ ಸೊಟ್ಟಗಾಗಿ ಬಗ್ಗಿ ಕೂತಿತ್ತು, ತಣ್ಣಗಾದ್ಮೇಲೆ ಅದೇ ಆಕಾರದಲ್ಲಿ ಗಟ್ಟಿ. ಅಪ್ಪಯ್ಯ ಅದನ್ನ ಕೈಯಲ್ಲಿ ಹಿಡಿದು ತಿರುಗ್ಸಿ ನೋಡಿ "ಗೋಡೆ ಮೇಲೆ ಇದ್ದಿದ್ರೆ ಎಂತ ಮಾಡ್ತಿದ್ದೆ ಮಾರಾಯ" ಅಂದ್ರು. ಬರೀ ಬಗ್ಗೋದಲ್ಲ, ಪಿವಿಸಿಗೆ ಬೆಂಕಿ ತಾಗಿದ್ರೆ ಬರೋ ಹೊಗೆ ವಿಷ, ಅದರಲ್ಲಿ ಹೈಡ್ರೋಜನ್ ಕ್ಲೋರೈಡ್ ಇರುತ್ತೆ, ಗಂಟಲು ಕಣ್ಣು ಉರಿ. ಒಲೆ ಬಾಯಿ ಬಚ್ಚಲ ಒಳಗೇ ಇರೋ ಮನೆಗಳಲ್ಲಿ ಇದನ್ನ ಹಾಕ್ಲೇಬಾರ್ದು ಅನ್ನೋದು ನನ್ನ ಮಾತು.

ನಮ್ಮನೇಲಿ ಒಲೆ ಬಾಯಿ ಹೊರಗೆ ಇರೋದ್ರಿಂದ ದಾರಿ ಸಿಕ್ತು. ಹಂಡೆ ಇರೋ 5 ಅಡಿ ಗೋಡೆಗೆ ಶೀಟ್ ಇಲ್ಲ, ಅದರ ಅಕ್ಕಪಕ್ಕದ ಗೋಡೆಗಳಲ್ಲೂ ಹಂಡೆ ಕಡೆಯಿಂದ 2 ಅಡಿ ಬಿಟ್ವಿ. ಅಷ್ಟು ಜಾಗಕ್ಕೆ ಕಡಪ ಕಲ್ಲಿನ ಚಪ್ಪಡಿ, ಮನೇಲೇ ಮಿಕ್ಕಿದ್ದು ಇತ್ತು, ಅದನ್ನೇ ಹಾಕ್ಸಿದ್ವಿ. ಕಪ್ಪು ಕಲ್ಲು, ಅದರ ಪಕ್ಕ ಬಿಳೀ ಟೈಲ್ಸ್ ತರದ ಶೀಟು, ಮಧ್ಯ ಒಂದು ಅಲ್ಯೂಮಿನಿಯಂ ಪಟ್ಟಿ. ಹಂಡೆ ತೆಗ್ದು ಗೀಜರ್ ಹಾಕ್ಸು ಅಂತ ಇಬ್ರು ಮೂವರು ಹೇಳಿದ್ರು. ಅಪ್ಪಯ್ಯ 30 ವರ್ಷದಿಂದ ಬೆಳಿಗ್ಗೆ ಎದ್ದು ಮೊದ್ಲು ಮಾಡೋ ಕೆಲ್ಸ ಆ ಒಲೆಗೆ ಅಡಿಕೆ ಹಾಳೆ ಹಾಕಿ ಬೆಂಕಿ ಹಚ್ಚೋದು, ಒಂದು ಶೀಟಿಗೋಸ್ಕರ ಅದನ್ನ ಕಿತ್ತು ಹಾಕಕ್ಕೆ ನಂಗೆ ಮನಸ್ಸಿಲ್ಲ.

ಹಂಡೆ ಕಡೆ ಬಿಟ್ಟಿದ್ರಿಂದ 4 ಶೀಟ್ ಸಾಕಾಗ್ತಿತ್ತು, 5 ತಗಂಡೆ. ಒಂದಕ್ಕೆ 1,900 ರೂಪಾಯಿ. ಗೂಡ್ಸ್ ಗಾಡೀಲಿ ಗಾಜನೂರು, ಮಂಡಗದ್ದೆ ದಾರೀಲಿ ಬರೋವಾಗ ಕೆಳಗೆ ಒಂದು ಪ್ಲೈವುಡ್ ಹಾಕಿ ಅದರ ಮೇಲೆ ಮಲಗ್ಸಿ ಕಟ್ಟಿದ್ವಿ, ನಿಲ್ಲಿಸ್ಕಂಡು ಬಂದ್ರೆ ಮೂಲೆ ಮುರಿಯುತ್ತೆ. ಮನೇಗೆ ತಂದು ಎರಡು ದಿನ ಜಗಲಿ ಮೇಲೆ ಹಾಗೇ ಮಲಗ್ಸಿ ಇಟ್ವಿ, ಮನೆ ಹವೆಗೆ ಹೊಂದ್ಕೊಳ್ಳಲಿ ಅಂತ. ಪಿವಿಸಿ ಬಿಸಿಗೆ ಹಿಗ್ಗುತ್ತೆ, 8 ಅಡಿ ಶೀಟಲ್ಲಿ ಚಳಿಗಾಲದ ಬೆಳಿಗ್ಗೆಗೂ ಬೇಸಿಗೆ ಮಧ್ಯಾಹ್ನಕ್ಕೂ ಎರಡು ಮೂರು ಮಿಲಿಮೀಟರ್ ವ್ಯತ್ಯಾಸ ಬರುತ್ತೆ. ಹಂಗಾಗಿ ಮೂಲೇಲಿ ಬಿಗಿಯಾಗಿ ತುರುಕ್ಬಾರ್ದು, ಎಲ್ಲ ಅಂಚಲ್ಲೂ 4-5 ಮಿಲಿಮೀಟರ್ ಜಾಗ ಬಿಟ್ಟು ಸಿಲಿಕೋನ್ ತುಂಬ್ಬೇಕು. ಬಿಗಿ ಹಾಕಿದ್ರೆ ಏಪ್ರಿಲ್‌ನಲ್ಲಿ ಹೊಟ್ಟೆ ಉಬ್ಬುತ್ತೆ.

ಅಂಟ್ಸಕ್ಕೆ ನಾನು, ಪಕ್ಕದೂರಿನ ಬಡಗಿ ಒಬ್ರು. ಮೊದಲ ಶೀಟನ್ನ ನೆಲದಿಂದ ಶುರು ಮಾಡ್ಬೇಕು ಅನ್ಸೋದು ಸಹಜ, ಆದ್ರೆ ಹಂಗೆ ಮಾಡಿದ್ರೆ ಕೆಲ್ಸ ಕೆಡುತ್ತೆ. ಬಚ್ಚಲ ನೆಲಕ್ಕೆ ಮೋರಿ ಕಡೆ ವಾಟ ಇರುತ್ತೆ, ನಮ್ಮಲ್ಲಿ ಈ ತುದಿಗೂ ಆ ತುದಿಗೂ 22 ಮಿಲಿಮೀಟರ್ ಇಳಿಜಾರು. ಶೀಟನ್ನ ನೆಲಕ್ಕೆ ತಾಗ್ಸಿ ನಿಲ್ಲಿಸಿದ್ರೆ ಟೈಲ್ಸ್ ಗೆರೆ ಎಲ್ಲ ಓರೆ, ನೋಡಿದ ಕೂಡ್ಲೇ ಕಣ್ಣಿಗೆ ಹೊಡೆಯುತ್ತೆ. ಹಂಗಾಗಿ ರಸಮಟ್ಟ ಇಟ್ಟು ಸುತ್ತಲೂ ಗೋಡೆಗೆ ಒಂದು ಗೆರೆ ಹೊಡ್ಕಂಡು, ಶೀಟಿನ ಕೆಳಗಿನ ಅಂಚನ್ನ ನೆಲದ ಓರೆಗೆ ತಕ್ಕಂಗೆ ಕತ್ತರಿಸಿದ್ವಿ. ನೆಲಕ್ಕೂ ಶೀಟಿಗೂ ಮಧ್ಯ 5 ಮಿಲಿಮೀಟರ್. ಕೆಳಗಡೆ ಕೆಲವ್ರು ಯು ಪಟ್ಟಿ ಹಾಕ್ತಾರೆ, ನಾನು ಬೇಡ ಅಂದೆ, ಅದು ನೀರು ನಿಲ್ಲೋ ಕಾಲುವೆ ಆಗುತ್ತೆ ಅಷ್ಟೆ.

ಕತ್ತರಿಸೋದು ಏನೂ ಕಷ್ಟ ಇಲ್ಲ, ನೇರ ಗೆರೆಗೆ ಚಾಕುವಲ್ಲಿ ಮೂರ್ನಾಲ್ಕು ಸಲ ಗೀರಿ ಮಣೆ ಅಂಚಿಗಿಟ್ಟು ಒತ್ತಿದ್ರೆ ಮುರಿಯುತ್ತೆ. ಓರೆಗೆ ಸಣ್ಣ ಹಲ್ಲಿನ ಗರಗಸ. ಕಷ್ಟ ಇರೋದು ನಲ್ಲಿ ತೂತು. ನಲ್ಲಿ ಗೋಡೇಲಿ ಮೂರು ಪೈಪ್ ಬಾಯಿ, ಎರಡು ಸ್ನಾನದ್ದು, ಒಂದು ಕೆಳಗೆ ಬಕೆಟ್ ನಲ್ಲೀದು. ನಾನು ಟೇಪಲ್ಲಿ ಅಳತೆ ತಗಂಡು, ಪೇಪರಲ್ಲಿ ಬರ್ಕಂಡು, ಶೀಟ್ ಮೇಲ್ಮೈಗೆ ಗೀರು ಬೀಳ್ಬಾರ್ದು ಅಂತ ಹಿಂದಿನ ಮೈ ಮೇಲೆ ಗುರುತು ಹಾಕಿ ತೂತು ಕೊರ್ಸಿದೆ. ಎತ್ತಿ ಗೋಡೆ ಹತ್ರ ಹಿಡಿದ್ರೆ ಬಲಗಡೆ ಇರ್ಬೇಕಾದ ತೂತು ಎಡಗಡೆ. ಹಿಂದಿನ ಮೈಯಲ್ಲಿ ಗುರುತು ಹಾಕಿದ್ರೆ ಎಡಬಲ ಅದಲುಬದಲು ಆಗುತ್ತೆ ಅನ್ನೋದು ಆ ಹೊತ್ತಿಗೆ ಹೊಳೀಲೇ ಇಲ್ಲ. 1,900 ರೂಪಾಯಿ ಶೀಟು. ಹೊಟ್ಟೆ ಉರೀತು, ಅವತ್ತು ಮಧ್ಯಾಹ್ನ ಊಟ ಸೇರ್ಲಿಲ್ಲ.

ಅಮ್ಮ ನೋಡ್ತಾ ನಿಂತಿದ್ರು. ಒಳಗೆ ಹೋಗಿ ಕುಂಕುಮದ ಭರಣಿ ತಂದು, ಒಂದಿಷ್ಟು ಕುಂಕುಮಕ್ಕೆ ಕೊಬ್ಬರಿ ಎಣ್ಣೆ ಬಿಟ್ಟು ಅಂಗೈಯಲ್ಲೇ ಕಲ್ಸಿ, ಮೂರು ಪೈಪ್ ಬಾಯಿಗೂ ಬೆರಳಲ್ಲಿ ಸುತ್ತ ಬಳಿದ್ರು. "ಈಗ ರಟ್ಟು ತಂದು ಒತ್ತಾ" ಅಂದ್ರು. ಗೀಜರ್ ಡಬ್ಬದ ದೊಡ್ಡ ರಟ್ಟು ಪಕ್ಕದ ಮನೇಲಿ ಇತ್ತು, ಅದನ್ನ ಗೋಡೆ ಮೂಲೆಗೆ ಸರ್ಯಾಗಿ ಕೂರ್ಸಿ ಒತ್ತಿ ತೆಗೆದ್ರೆ ರಟ್ಟಿನ ಮೇಲೆ ಮೂರು ಕೆಂಪು ಉಂಗುರ, ಅಚ್ಚು ಹೊಡೆದಂಗೆ. ಆ ಉಂಗುರ ಕತ್ತರಿಸಿ ತೆಗೆದು, ರಟ್ಟನ್ನ ಗೋಡೆಗೆ ಹಿಡಿದು ಮೂರೂ ಪೈಪು ಸಲೀಸಾಗಿ ಹೊರಗೆ ಬರ್ತಾವೆ ಅಂತ ನೋಡಿ, ಕುಂಕುಮ ಇಲ್ದಿರೋ ಮೈ ಮೇಲೆ ದೊಡ್ಡದಾಗಿ 'ಮುಂದೆ' ಅಂತ ಬರೆದು, ಅದೇ ಮೈ ಮೇಲೆ ಬರೋ ಹಂಗೆ ಶೀಟ್ ಮುಂಭಾಗಕ್ಕೆ ಇಟ್ಟು ಗುರುತು ಮಾಡಿದ್ವಿ. ಪೈಪಿಗಿಂತ 4 ಮಿಲಿಮೀಟರ್ ದೊಡ್ಡ ಹೋಲ್ ಸಾ ಹಾಕಿ ನಿಧಾನಕ್ಕೆ ಕೊರೆದ್ವಿ, ಜೋರಾಗಿ ಒತ್ತಿದ್ರೆ ಹಿಂದೆ ಚಕ್ಕೆ ಏಳುತ್ತೆ. ಎರಡನೇ ಶೀಟು ಮೊದಲನೇ ಸಲಕ್ಕೇ ಮೂರು ಪೈಪಿಗೂ ಹೊಕ್ಕಿತು. ಟೇಪು ಅಳತೆ ಎಲ್ಲ ಬಿಟ್ಟು ಈಗ ನಾನು ಎಲ್ರಿಗೂ ಇದನ್ನೇ ಹೇಳ್ತಿರೋದು, ಕುಂಕುಮ ಇಲ್ದಿದ್ರೆ ಇದ್ದಿಲು ಪುಡಿ ಆದ್ರೂ ಸರಿ.

ಅಂಟಿಗೆ ಎಂಎಸ್ ಪಾಲಿಮರ್ ಟ್ಯೂಬ್ ತಗಂಡಿದ್ದೆ, ಗನ್ನಿಗೆ ಹಾಕಿ ಹೊಡೆಯೋದು. ಹುಳಿ ವಾಸನೆ ಬರೋ ಅಗ್ಗದ ಸಿಲಿಕೋನ್ ಬೇಡ, ಅದರಲ್ಲಿ ಆಸಿಡ್ ಬಿಡುತ್ತೆ, ಸಿಮೆಂಟಿಗೆ ಸರ್ಯಾಗಿ ಹಿಡಿಯಲ್ಲ, ಲೋಹದ ಪಟ್ಟಿ ಕರೆ ಕಟ್ಟುತ್ತೆ. ಶೀಟ್ ಹಿಂದೆ ನಾಲ್ಕೂ ಅಂಚಿಗೆ ಒಂದು ಗೆರೆ, ಒಳಗಡೆ ಅರ್ಧ ಅರ್ಧ ಅಡಿಗೆ ಉದ್ದುದ್ದ ಗೆರೆ, ಅಡ್ಡ ಗೆರೆ ಹಾಕ್ಬಾರ್ದು. ಟೈಲ್ಸ್ ಮೇಲೆ ಅಂಟ್ಸೋ ಕಡೆ ಮೊದಲಿನ ದಿನಾನೇ ಸೋಪು ಎಣ್ಣೆ ಜಿಡ್ಡು ಹೋಗೋವರೆಗೆ ಉಜ್ಜಿ, ಸ್ಯಾಂಡ್‌ಪೇಪರ್ ಹೊಡೆದು ತರಿ ಮಾಡಿಟ್ಟಿದ್ವಿ. ನಮ್ಮದು ಎಣ್ಣೆ ಸ್ನಾನ ಮಾಡೋ ಮನೆ, ಆ ಜಿಡ್ಡು ಎಷ್ಟು ಬಂತು ಅಂದ್ರೆ ಮೂರು ಸಲ ಸೋಪ್ ನೀರು ಬದ್ಲಾಯ್ಸಿದ್ದೀವಿ.

ಅಂಟ್ಸಿದ್ಮೇಲೆ ಅದು ಹಿಡಿಯೋವರೆಗೆ ಒತ್ತಿ ಇಡ್ಬೇಕು. ಇದಕ್ಕೆ ಬಡಗಿ ಮಾಡಿದ ಉಪಾಯ ನೋಡಿ, ಶೀಟ್ ಮೇಲೆ ಗೋಣಿಚೀಲ ಮಡಿಸಿಟ್ಟು, ಅಡಿಕೆ ದಬ್ಬೆಯನ್ನ (ಅಡಿಕೆ ಮರ ಸೀಳಿದ ಪಟ್ಟಿ) ರೂಮಿನ ಅಗಲಕ್ಕಿಂತ ಎರಡು ಇಂಚು ಉದ್ದ ಕಡಿದು, ಬಿಲ್ಲಿನ ತರ ಬಗ್ಗಿಸಿ ಈ ಗೋಡೆಗೂ ಎದುರು ಗೋಡೆಗೂ ಮಧ್ಯ ಕೂರ್ಸಿದ್ರು. ದಬ್ಬೆ ನೆಟ್ಟಗಾಗಕ್ಕೆ ನೋಡುತ್ತೆ, ಶೀಟನ್ನ ತಳ್ತಾ ಇರುತ್ತೆ. ಇಂಥ ಹನ್ನೆರಡು ದಬ್ಬೆ ರಾತ್ರಿಯೆಲ್ಲ ಹಂಗೇ. ಬೆಳಿಗ್ಗೆ ತೆಗೆದು ಬೆರಳಲ್ಲಿ ತಟ್ಟಿದ್ರೆ ಎಲ್ಲೂ ಪೊಳ್ಳಿಲ್ಲ.

ಮೂಲೆಗೆ ಪಟ್ಟಿ ಕೂರ್ಸೋವಾಗ ಪಟ್ಟಿ ಒಳಗೆ ಒಂದು ಸಲ ಸಿಲಿಕೋನ್ ಹಾಕಿ ಆಮೇಲೆ ಶೀಟ್ ತೂರ್ಸೋದು, ಹೊರಗಡೆಯಿಂದ ಇನ್ನೊಂದು ಗೆರೆ. ಹೊರಗಿನ ಗೆರೆಗೆ ಎರಡೂ ಕಡೆ ಟೇಪ್ ಅಂಟ್ಸಿ, ಸಿಲಿಕೋನ್ ಹೊಡೆದು, ಸೋಪ್ ನೀರಲ್ಲಿ ಅದ್ದಿದ ಬೆರಳನ್ನ ಒಂದೇ ಸಲಕ್ಕೆ ಎಳೆದು, ಅದು ಹಸಿ ಇರೋವಾಗ್ಲೇ ಟೇಪ್ ಕಿತ್ತುಬಿಡ್ಬೇಕು. ಕೊನೆಗೆ ಮೇಲಿನ ಪ್ಲಾಸ್ಟಿಕ್ ಹಾಳೆ ಸುಲಿದಾಗ ಬಚ್ಚಲು ಬೆಳಕಾಯ್ತು, ಸಣ್ಣ ವೆಂಟಿಲೇಟರ್ ಇರೋ ರೂಮು, ಮಧ್ಯಾಹ್ನಾನೂ ಲೈಟ್ ಹಾಕ್ತಿದ್ವಿ, ಈಗ ಬೇಕಾಗಲ್ಲ.

ಇದೆಲ್ಲ ಮುಗಿದಿದ್ದು ಯುಗಾದಿ ಹಿಂದಿನ ದಿನ ಸಂಜೆ. ಅಮ್ಮಂಗೆ ಹಬ್ಬದ ಅಭ್ಯಂಜನ ಹೊಸ ಬಚ್ಚಲಲ್ಲೇ ಆಗ್ಬೇಕು ಅಂತ ಆಸೆ ಇತ್ತು. ಆದ್ರೆ ಸಿಲಿಕೋನ್‌ಗೆ ಒಂದು ದಿನ ಪೂರ್ತಿ ಬೇಕು, ಎಣ್ಣೆ ನೀರು ಬಿದ್ರೆ ಹಿಡಿಯೋದೇ ಇಲ್ಲ. ಹೇಳಕ್ಕೆ ನಂಗೆ ಸಂಕಟ ಆಯ್ತು, ಎರಡು ತಿಂಗ್ಳು ಕಾದಿದಾರೆ. ಅಮ್ಮ "ಎರಡು ತಿಂಗ್ಳು ಆಯ್ತು, ಇನ್ನೊಂದು ದಿನಕ್ಕೆ ಎಂತ" ಅಂದು ಬೆಳಿಗ್ಗೆ ಸೋಗೆ ಮರೇಲೇ ಎಲ್ರಿಗೂ ಎಣ್ಣೆ ಹಚ್ಚಿ ನೀರು ಹಾಕಿದ್ರು. ಬೆಳಗಿನ ಬಿಸಿಲು ಸೋಗೆ ಸಂದಿಯಿಂದ ಬರ್ತಿತ್ತು, ಸೀಗೆಪುಡಿ ವಾಸನೆ, ಹಬ್ಬ ಚೆನ್ನಾಗೇ ಆಯ್ತು.

ಖರ್ಚು ಹೇಳ್ಬಿಡ್ತೀನಿ, ಕೇಳೋರು ಜಾಸ್ತಿ. ಹಾಳಾದ ಒಂದು ಸೇರಿ 5 ಶೀಟಿಗೆ 9,500. ಪಟ್ಟಿ 1,800, ಅಂಟು ಸಿಲಿಕೋನ್ 4,200, ವಾಟರ್‌ಪ್ರೂಫಿಂಗ್ 3,600, ಪ್ಲಂಬರ್ ಪೈಪು ಎಲ್ಲ ಸೇರಿ 7,500, ಮೇಸ್ತ್ರಿ ಮತ್ತೆ ಆಳು 3 ದಿನಕ್ಕೆ 5,100, ಬಡಗಿಗೆ 1,200. ಒಟ್ಟು 32,900, ಸಿಮೆಂಟ್ ಮರಳು ಮನೇಲಿತ್ತು. ನೋಡಿ, ಶೀಟಿಂದು ಮೂರನೇ ಒಂದು ಭಾಗಾನೂ ಇಲ್ಲ, ಮಿಕ್ಕಿದ್ದರಲ್ಲಿ ಹೆಚ್ಚಿನದು ಗೋಡೆಗೇ ಹೋಗಿದೆ. ಅಂಗ್ಡೀಲಿ ಶೀಟ್ ರೇಟ್ ಮಾತ್ರ ಕೇಳಿ ಅಗ್ಗ ಅಂತ ಹೊರಟ್ರೆ ಲೆಕ್ಕ ತಪ್ಪುತ್ತೆ.

ಈ ಮಳೆಗಾಲ ಹೆಂಗೆ ಅಂತ ನೋಡ್ಬೇಕಿತ್ತು. ಬೀರು ಕೋಣೆ ಕಡೆ ಗೋಡೆಗೆ ಬೇಕಂತಲೇ ಪೇಂಟ್ ಮಾಡ್ಸಿಲ್ಲ, ಬರೀ ಸುಣ್ಣ ಹೊಡ್ಸಿದೀವಿ, ಗೋಡೇಲಿ ಸ್ವಲ್ಪ ತಂಡಿ ಮಿಕ್ಕಿದ್ರೂ ಆ ಕಡೆಯಿಂದ ಆರ್ಲಿ ಅಂತ, ಈ ಕಡೆ ಶೀಟ್ ಮುಚ್ಚಿದ್ಮೇಲೆ ಅದಕ್ಕೆ ಉಸಿರಾಡಕ್ಕೆ ಉಳಿದಿರೋದು ಅದೊಂದೇ ದಾರಿ. ಜುಲೈನಲ್ಲಿ ಮೂರು ವಾರ ಸೂರ್ಯ ಕಾಣ್ಲಿಲ್ಲ, ಆಗಸ್ಟ್ ಮೊದಲ ವಾರ ಊರಿಗೆ ಹೋದವ್ನು ಬ್ಯಾಗ್ ಇಡೋ ಮುಂಚೆ ಆ ಗೋಡೆಗೆ ಅಂಗೈ ಇಟ್ಟು ನೋಡ್ದೆ. ಪಕ್ಕದ ಗೋಡೆ ಎಷ್ಟು ತಣ್ಣಗಿತ್ತೋ ಇದೂ ಅಷ್ಟೇ, ಹೆಚ್ಚಿಲ್ಲ. ಪ್ಲಾಸ್ಟಿಕ್ ಹಾಳೆ ಅಂಟ್ಸಿಟ್ಟು ಬೆಳಿಗ್ಗೆ ಕಿತ್ತೆ, ಒಂದು ಹನಿ ಇಲ್ಲ. ಬಚ್ಚಲ ಒಳಗೆ ಶೀಟಿನ ಮೇಲೆ ತೆಳ್ಳಗೆ ಬೂಷ್ಟು ಬಂದಿತ್ತು, ಮಲ್ನಾಡಲ್ವಾ, ಬರ್ದೇ ಇರಲ್ಲ, ಆದ್ರೆ ಅಮ್ಮ ನಿಂತ್ಕಂಡೇ ಉದ್ದ ಕೋಲಿಗೆ ಬಟ್ಟೆ ಕಟ್ಟಿ ಒರಸ್ತಾರೆ, ಐದು ನಿಮಿಷದ ಕೆಲ್ಸ. ಮೋರಿ ಹತ್ರ ಒಂದು ಗೇಣು ಉದ್ದ ಸಿಲಿಕೋನ್ ಅಂಚು ಬಿಟ್ಟಿದೆ, ಅಲ್ಲಿ ಬಹುಶಃ ನಾನು ನೆಲ ಸರ್ಯಾಗಿ ಒಣಗ್ಸದೆ ಹೊಡೆದಿದ್ದೆ, ಅದನ್ನ ಕಿತ್ತು ಮಳೆ ಬಿಟ್ಮೇಲೆ ಮತ್ತೆ ಹಾಕ್ಬೇಕು.

ಉಲ್ಟಾ ತೂತು ಬಿದ್ದ ಶೀಟು ಅಪ್ಪಯ್ಯ ಕೊಟ್ಟಿಗೇಲಿ ಕರು ಕಟ್ಟೋ ಜಾಗದ ಗೋಡೆಗೆ ಮೊಳೆ ಹೊಡೆದು ಹಾಕಿದಾರೆ, ಸಗಣಿ ಸಿಡಿದ್ರೆ ನೀರು ಎರಚಿದ್ರೆ ಹೋಗುತ್ತೆ ಅಂತ. ಸೊರಬದಲ್ಲಿರೋ ಅಕ್ಕ ಮೊನ್ನೆ ಬಂದಿದ್ದೋಳು ಬಚ್ಚಲು ನೋಡಿ ಅವ್ಳ ಮನೇಗೂ ಈ ದಸರಾ ರಜೇಲೇ ಹಾಕ್ಸಿಕೊಡು ಅಂತ ಹಿಡ್ಕಂಡಿದಾಳೆ. ಇವತ್ತು ರಾತ್ರಿ ಮಲಗೋ ಮುಂಚೆ ಟ್ಯಾಂಕಿಗೆ ಗೆರೆ ಹಾಕಿ, ಬೆಳಿಗ್ಗೆ ಫೋಟೋ ಕಳ್ಸು ಅಂದಿದೀನಿ.